ಇಂಟರ್‌ವ್ಯೂಗೆ ಬೇಕಾದ ಹಕಾರ

ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ಕ್ಲರ್ಕ್ ಕೆಲಸಕ್ಕೆ ಇಂಟರ್‌ವ್ಯೂ. ಎದುರಿಗೆ ಕೂತಿದ್ದ ಯಜಮಾನರು ನನ್ನ ಫೈಲು ಮಗುಚುತ್ತಲೇ ಇದ್ದರು. ನಾನೇ ವಿನಯದಿಂದ, "ಏಳಿ ಸಾರ್" ಅಂದೆ. ಅವರು ಗಾಬರಿಯಾಗಿ ಎದ್ದು ನಿಂತು, ಕುರ್ಚಿಗೇನಾಯಿತು ಅಂತ ಹಿಂದೆ ತಿರುಗಿ ನೋಡಿದರು. ಆ ಕೆಲಸ ಅಲ್ಲಿಗೇ ಹೋಯಿತು.

ನಮ್ಮ ಉಮ್ಮತ್ತೂರಿನ ಕಡೆ ಹಕಾರ ನಾಲಿಗೆಗೆ ಹತ್ತುವುದಿಲ್ಲ. ಹೇಳಿ ಅನ್ನುವುದು ಏಳಿ, ಹೋಗು ಅನ್ನುವುದು ಓಗು. ಬರೆಯುವಾಗ ಮಾತ್ರ ನಾನು ಒಂದು ಹಕಾರವನ್ನೂ ಬಿಟ್ಟವಳಲ್ಲ. ಅವ್ವ ಕೂಲಿಗೆ ಹೋಗಿ ಓದಿಸಿದಳು, ನಾನು ಬಿ.ಕಾಂ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು, ಹೇಳಿಕೊಳ್ಳಲು ಹೆಮ್ಮೆಯಿದೆ. ಆದರೆ ಕೆಲಸ ಕೊಡುವವರು ಓದಿದ್ದನ್ನು ಕೇಳುವುದೇ ಇಲ್ಲ. ಅಪ್ಪ ಏನು ಮಾಡುತ್ತಾರೆ, ಮದುವೆ ಯಾವಾಗ, ಅನುಭವ ಇದೆಯಾ ಅನ್ನುತ್ತಾರೆ. ಕೆಲಸವನ್ನೇ ಕೊಡದಿದ್ದರೆ ಅನುಭವವನ್ನು ಸಂತೆಯಲ್ಲಿ ತರುವುದೇ?

ಆಮೇಲೆ ಗುಂಡ್ಲುಪೇಟೆಯಿಂದ ಬಿತ್ತನೆ ಬೀಜದ ಕಂಪನಿಯೊಂದು ಕರೆಯಿತು. ರೈತರಿಗೆ ಫೋನ್ ಮಾಡಿ ಮಾತಾಡುವ ಕೆಲಸ. ಇದು ನನಗೇ ಅಂತ ಇಟ್ಟದ್ದು ಅನ್ನಿಸಿತು. ಅವ್ವ ಸೊಪ್ಪು ಬಿಡಿಸುತ್ತಾ ನನಗೆ ಪಾಠ ಹೇಳಲು ಕೂತಳು.

"ಏಳಿ ಅಂತ ಏಳ್ಬ್ಯಾಡ ಕಣಮ್ಮಿ. ಏಳಿ ಅಂತ ಏಳು."

"ನೀನೂ ಅದನ್ನೇ ಅಂತಿದ್ದೀಯಲ್ಲವ್ವಾ!"

"ನಾನೇನು ಇಂಟ್ರೂಗ ಓಯ್ತಿದ್ದೀನಾ? ಓದಿರೋಳು ನೀನು. ನೀನು ಅನ್ನು."

ಬಸ್ಸಿನುದ್ದಕ್ಕೂ ಹ, ಹಾ, ಹಿ ಅಂದುಕೊಂಡೇ ಹೋದೆ. ಪಕ್ಕದಲ್ಲಿದ್ದ ಅಜ್ಜಿ, "ಉಬ್ಬಸ ಏನವ್ವ?" ಅಂದಳು.

ಕಂಪನಿಯಲ್ಲಿ ಒಬ್ಬರು ಮೇಡಂ, ಒಬ್ಬರು ಸಾರ್ ಕೂತಿದ್ದರು. ಯಾವ ಊರು ಅಂತ ಮೇಡಂ ಕೇಳಿದರು.

"ಹುಮ್ಮತ್ತೂರು ಮೇಡಂ. ನಮ್ಮ ಹೂರಲ್ಲಿ ಹೆಲ್ಲರೂ ರೈತರೇ."

ಮೇಡಂ ತುಟಿ ಕಚ್ಚಿಕೊಂಡು ನಗು ತಡೆದರು. "ಮನೇಲಿ ಹೇಗೆ ಮಾತಾಡ್ತೀಯೋ ಹಾಗೇ ಮಾತಾಡಮ್ಮ. ನಾನೇ ರೈತ ಅಂದ್ಕೊ."

ಹಿಡಿದಿದ್ದ ಉಸಿರು ಬಿಟ್ಟೆ. "ಅಣ್ಣೋ, ಸೂರ್ಯಕಾಂತಿ ಬೀಜ ಬಂದದ. ಒಲ ಅಸನು ಮಾಡ್ಬುಟ್ರಾ, ಇಲ್ಲ ಇನ್ನೂವ ಟೀ ಅಂಗ್ಡೀಲೇ ಕುಂತಿದ್ದೀರಾ?"

ಮೇಡಂ ಟೇಬಲ್ ತಟ್ಟಿ ನಕ್ಕರು. ಸಾರ್ ನಗಲಿಲ್ಲ. "ಭಾಷೆ ಸ್ವಲ್ಪ ಶುದ್ಧ ಇರಬೇಕಿತ್ತು" ಅಂದರು. ರೈತರೊಂದಿಗೆ ಮಾತಾಡುವ ಕೆಲಸಕ್ಕೆ ರೈತರ ಮಾತು ಆಗದಂತೆ!

ವಾರ ಕಳೆದು ಮೇಡಂ ಫೋನ್ ಮಾಡಿದರು. ಶುದ್ಧ ಭಾಷೆ ಆಡುವ ಬೇರೆ ಸೀಮೆಯ ಹುಡುಗಿಯೊಬ್ಬಳನ್ನು ತೆಗೆದುಕೊಂಡರಂತೆ. ತನಗೆ ನಾನೇ ಇಷ್ಟವಾಗಿದ್ದೆ ಅಂತ ಬೇಜಾರಿನಿಂದಲೇ ಹೇಳಿದರು. ಪಕ್ಕದಲ್ಲೇ ಕಿವಿಯಿಟ್ಟು ಎಲ್ಲ ಕೇಳಿಸಿಕೊಂಡ ಅವ್ವ ಫೋನ್ ಕಿತ್ತುಕೊಂಡಳು.

"ಮೇಡಮ್ಮೋರೇ, ಆ ಮಗಿಗೂ ಒಳ್ಳೇದಾಗ್ಲಿ ಬುಡಿ. ಆದ್ರ ಒಂದ್ ಮಾತು. ನಮ್ ಕಡ ಗಂಡಸ್ರು ಫೋನಲ್ಲಿ ಏನಂದ್ರು ಅಂತ ಆ ಮಗಿಗ ತಿಳೀನಿಲ್ಲ ಅಂದ್ರ, ನಮ್ಮುಡ್ಗೀನ ಕೇಳಿ. ಡಿಗ್ರಿ ಪಾಸ್ ಮಾಡವ್ಳ, ಬುಡ್ಸಿ ಏಳ್ತಳ. ಸುಮ್ಸುಮ್ನ ಅಲ್ಲ ಕಣವ್ವ, ಸಂಬ್ಳಕ್ಕ."