ಪಾಪಕುರಾದಲ್ಲಿ ಭುಜನೋವು

ಬಾಟನಿ ಡೌನ್ಸ್ ಬಡಾವಣೆಯ ನಮ್ಮ ಕನ್ನಡ ಓದುಬಳಗದಲ್ಲಿ ಪುಸ್ತಕಕ್ಕೆ ಇಪ್ಪತ್ತು ನಿಮಿಷ, ಬಿಸಿಬೇಳೆಬಾತಿಗೆ ಎರಡು ಗಂಟೆ. ಆ ತಿಂಗಳು ಓದಿದ್ದು ಒಂದು ಅಮೆರಿಕನ್ ಕಾದಂಬರಿ. ಮಾನಸಿಕ ಆಸ್ಪತ್ರೆಯಿಂದ ಮರಳಿದ ಟೀಚರಮ್ಮನನ್ನು ಊರು ದೂರವಿಡುತ್ತದೆ. ಬರಬರುತ್ತ ಯಾರಾದರೂ ಕೆಮ್ಮಿದರೂ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಆಕೆ ಬೆಚ್ಚುತ್ತಾಳೆ. ಬಳಗದ ಹಿರಿಯ ಆಂಟಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಎಂಥ ಕಟುಕ ಜನಾರೀ ಈ ಅಮೆರಿಕದವ್ರು!”

ಎಲ್ಲರೂ ತಲೆದೂಗಿದೆವು. ನ್ಯೂಜಿಲೆಂಡಿನ ಕನ್ನಡಿಗರಷ್ಟು ಉದಾರಿಗಳು ಭೂಮಿಯ ಮೇಲೆ ಇನ್ನಿಲ್ಲ ಎಂದು ನಮ್ಮಷ್ಟಕ್ಕೆ ನಾವೇ ಖುಷಿಪಟ್ಟೆವು.

ತಟ್ಟೆಗೆ ಬಾತು ಬಿದ್ದ ಮೇಲೆ ಮಾತು ಬಳಗ ಬಿಟ್ಟುಹೋದ ಒಬ್ಬಳ ಕಡೆ ಹೊರಳಿತು. “ಕೌನ್ಸೆಲರ್ ಹತ್ರ ಹೋಗ್ತಾಳಂತೆ. ಸ್ಕ್ರೂ ಲೂಸು,” ಎಂದರು ಯಾರೋ.

“ಮಕ್ಕಳನ್ನ ಅವಳ ಮನೆಗೆ ಕಳಿಸ್ಬೇಡಿ ಕಣ್ರೀ,” ಎಂದರು ಅದೇ ಆಂಟಿ.

ನಾನೂ ನಕ್ಕೆ. ಮುಂದಿನ ಮಂಗಳವಾರ ನನಗೂ ಒಬ್ಬ ಕೌನ್ಸೆಲರ್ ಹತ್ತಿರ ಅಪಾಯಿಂಟ್‌ಮೆಂಟ್ ಇತ್ತು. ನಾಲ್ಕು ತಿಂಗಳಿಂದ ಆಫೀಸಿನ ಟಾಯ್ಲೆಟ್ಟಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಹೀಗೇ ಬಿಟ್ಟರೆ ಏನು ಮಾಡಿಕೊಳ್ಳುತ್ತೇನೋ ಎಂದು ನನಗೇ ಹೆದರಿಕೆ ಹುಟ್ಟಿತ್ತು.

ಮನೆಯಿಂದ ಐದು ನಿಮಿಷದಲ್ಲೇ ಒಬ್ಬ ಕೌನ್ಸೆಲರ್ ಇದ್ದರು. ಅಲ್ಲಿಗೆ ಹೋಗುವುದುಂಟೇ? ಪಕ್ಕದ ಶಾಪಿಂಗ್ ಮಾಲ್‌ಗೆ ನಮ್ಮವರೆಲ್ಲ ಕೊತ್ತಂಬರಿ ಸೊಪ್ಪಿಗೆ ಬರುತ್ತಾರೆ. ಅದಕ್ಕೇ ದೂರದ ಪಾಪಕುರಾದಲ್ಲಿ ಹುಡುಕಿದೆ. ಅಲ್ಲಿ ಫಿಸಿಯೋಗೂ ಕೌನ್ಸೆಲರಿಗೂ ಒಂದೇ ವೇಟಿಂಗ್ ರೂಮು. ಯಾರಾದರೂ ಕಂಡರೆ ಭುಜನೋವು ಎಂದುಬಿಡಬಹುದು. ಮಂಗಳವಾರ ಅಲ್ಲಿ ಬಾಗಿಲು ತಳ್ಳಿದರೆ ಎದುರಿಗೇ ಆಂಟಿ. ನನ್ನಷ್ಟೇ ಜಾಣೆ.

“ಮಂಡಿ ನೋವು ಕಣಮ್ಮ,” ಎಂದರು, ನಾನು ಕೇಳುವ ಮೊದಲೇ.

“ನಂಗೆ ಭುಜ, ಆಂಟಿ.”

ಇಬ್ಬರೂ ಗೋಡೆಯ ಮೇಲಿದ್ದ ಬೆನ್ನೆಲುಬಿನ ಚಿತ್ರವನ್ನು ಭಕ್ತಿಯಿಂದ ನೋಡುತ್ತ ಕುಳಿತೆವು. ಆಗ ರಿಸೆಪ್ಷನ್ ಹುಡುಗಿ ನಗುನಗುತ್ತ ಆಂಟಿಯ ಹೆಸರು ಕರೆದು, ಕೌನ್ಸೆಲರ್ ಕಾಯುತ್ತಿದ್ದಾರೆ ಎಂದು ಇಡೀ ಕೋಣೆಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ಆಂಟಿ ಎದ್ದರು. ಒಳಗೆ ಹೋಗಲಿಲ್ಲ, ನೆಟ್ಟಗೆ ಹೊರಗೆ ನಡೆದರು. ನನ್ನನ್ನೂ ಹಾಗೇ ಕರೆದರೆ ಗತಿಯೇನು ಎಂದು ನಾನೂ ಹೊರಬಿದ್ದೆ.

ಆಂಟಿ ಕಾರಿನಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಗಾಜು ಇಳಿಸಿ ಕೈ ಹಿಡಿದುಕೊಂಡರು.

“ಯಾರಿಗೂ ಹೇಳ್ಬೇಡಮ್ಮ. ಒಂಬತ್ತು ತಿಂಗಳಿಂದ ಬರ್ತಿದೀನಿ. ನಮ್ಮನೆಯವ್ರಿಗೂ ಗೊತ್ತಿಲ್ಲ.”

ನಾನು ಬಂದದ್ದೂ ಅದಕ್ಕೇ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಯವರೆಗೂ ಬಂದಿತ್ತು. ಎಷ್ಟು ಆಸೆಯಾಗಿತ್ತು ಹೇಳಿಬಿಡಲು!

“ಛೆ, ನಾನ್ಯಾಕೆ ಹೇಳ್ಲಿ ಆಂಟಿ?” ಎಂದೆ. “ನೀವು ಧೈರ್ಯವಾಗಿರಿ. ಎಲ್ಲಾ ಸರಿಹೋಗತ್ತೆ.”

ರೋಗಿಯನ್ನು ನೋಡಲು ಕಿತ್ತಳೆ ಹಣ್ಣು ಹಿಡಿದು ಬಂದವಳ ಹಾಗಿತ್ತು ನನ್ನ ದನಿ. ಆಂಟಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ ಕೈ ಬಿಟ್ಟು, ಗಾಜು ಏರಿಸಿಕೊಂಡರು.