ಮಾಮನಿಗೆ ಬರೆದ ಚಂದದ ಕಾಗದ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ನನ್ನನ್ನು ಒಪ್ಪಿಸಲು ಮಾತಾಡತೊಡಗಿದರೆ, ಅವರು ಏನು ಕೇಳುತ್ತಿದ್ದಾರೆ ಎನ್ನುವುದು ನನ್ನ ಕಿವಿಗೆ ಬೀಳುವುದೇ ಇಲ್ಲ. ಹೇಗೆ ಕೇಳುತ್ತಿದ್ದಾರೆ ಎನ್ನುವುದಷ್ಟೇ ಬೀಳುತ್ತದೆ. ಹೆಂಡತಿ "ನಿಮಗ ಮನಸ್ಸಿದ್ರ ಹೋಗೋಣು, ಇಲ್ಲಂದ್ರ ಬಿಡ್ರಿ" ಎಂದರೆ, ಆ "ಬಿಡ್ರಿ" ಎಷ್ಟು ಗಟ್ಟಿಯಾಗಿದೆ ಎಂದು ತೂಗುತ್ತ ಕೂರುತ್ತೇನೆ. ತೂಗಿ ಮುಗಿಯುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾಳೆ.

ಒಮ್ಮೆ ಜೇವರ್ಗಿಯಲ್ಲಿ ಒಂದು ಚುನಾವಣಾ ಭಾಷಣ ಕೇಳಿದೆ. ಮಾತಿನ ನಡುವೆ ಆ ಹಿರಿಯರು ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟು, "ಇದರ ಮಾನ ಇನ್ನ ನಿಮ್ಮ ಕೈಯಾಗದ" ಎಂದರು. ಸುತ್ತಲಿನವರೆಲ್ಲ ಕಣ್ಣೊರೆಸಿಕೊಂಡರು. ನಾನು ಮಾತ್ರ, ರುಮಾಲು ಕೆಳಗೆ ಬಂದದ್ದು ಗಂಟಲು ಕಟ್ಟುವ ಮೊದಲೋ ಆಮೇಲೋ ಎಂದು ಪಕ್ಕದವರನ್ನು ಕೇಳಿ ಬೈಸಿಕೊಂಡೆ. ಮನೆಗೆ ಬಂದ ಮೇಲೆ, ಅವರು ಯಾವ ಪಕ್ಷದವರೆಂಬುದೇ ನೆನಪಿರಲಿಲ್ಲ.

ಚಟ ಹತ್ತಿದ್ದು ಗುಲಬರ್ಗಾದಲ್ಲಿ ಬಿ.ಎಡ್. ಓದುವಾಗ. ಮನಸ್ಸು ಒಲಿಸಲು ಗ್ರೀಸಿನ ಹಳೆಯ ಪಂಡಿತರು ಮೂರು ದಾರಿ ಹೇಳಿದ್ದಾರೆಂದು ನಮ್ಮ ಸರ್ ಪಾಠ ಮಾಡಿದರು: ಹೇಳುವವನ ಮೇಲೆ ನಂಬಿಕೆ ಹುಟ್ಟಿಸಬೇಕು, ಕೇಳುವವನ ಕರುಳು ಮುಟ್ಟಬೇಕು, ಒಪ್ಪುವಂಥ ಕಾರಣ ಕೊಡಬೇಕು. ಅಂದಿನಿಂದ ಪತ್ರಿಕೆಯ ಸಂಪಾದಕೀಯ, ಬೀಜದ ಜಾಹೀರಾತು, ಮದುವೆಯ ಕರೆಯೋಲೆ, ಯಾವುದು ಕೈಗೆ ಸಿಕ್ಕರೂ ಕೆಂಪು ಪೆನ್ಸಿಲಿನಿಂದ ಗೀಟು ಹಾಕುತ್ತ ಬಂದೆ. ನಮ್ಮದು ಶರಣರ ನಾಡು. ಇಲ್ಲಿಯ ಹಿರಿಯರು ನಾಲ್ಕೇ ಸಾಲಿನಲ್ಲಿ ದೇವರನ್ನೂ ಪ್ರಶ್ನೆ ಮಾಡಿ ಮುಗಿಸಿದವರು. ಅವರನ್ನು ತರಗತಿಯಲ್ಲಿ ಕಲಿಸಿದೆನೇ ಹೊರತು ಅವರಿಂದ ಏನೂ ಕಲಿತಿರಲಿಲ್ಲ. ಅದು ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನಾನೇ ಒಂದು ಕಾಗದ ಬರೆದಾಗ.

ಆಗ ನಾನು ಅಫಜಲಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಭೀಮಾ ದಂಡೆಯ ಮಣ್ಣೂರಿನಲ್ಲಿ. ಮನೆಯಲ್ಲಿ ಅವ್ವ ಮತ್ತು ತಂಗಿ ನೀಲಾ. ನೀಲಾಗೆ ಗುಲಬರ್ಗಾದಲ್ಲಿ ಶಿಕ್ಷಕಿ ತರಬೇತಿಗೆ ಸೀಟು ಸಿಕ್ಕಿತ್ತು. ಒಂದು ತಿಂಗಳೊಳಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು. ಆದರೆ ಅವ್ವನ ಮನಸ್ಸಿನಲ್ಲಿ ಬೇರೆಯೇ ಇತ್ತು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅವ್ವನ ತಮ್ಮ ಶರಣಪ್ಪ ಮಾಮ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪ್ರತಿ ವರ್ಷ ಬಿತ್ತುವ ಹೊತ್ತಿಗೆ ಬಂದು ನಿಂತು, ನಮ್ಮ ಹೊಲ ಬಿತ್ತಿಸಿ ಹೋಗುತ್ತಿದ್ದವನು ಅವನೇ. ಒಂದು ದಿನವೂ ಅದನ್ನು ಆಡಿ ತೋರಿಸಿದವನಲ್ಲ. ಅವನು ಕೇಳುವ ಮೊದಲೇ ತಾನಾಗಿ ಮಗಳನ್ನು ಕೊಡಬೇಕೆಂದು ಅವ್ವ ನಿಶ್ಚಯಿಸಿದ್ದಳು.

"ಬರಿ," ಎಂದು ನನ್ನ ಮುಂದೆ ಕೂತಳು. "ನೀಲಾ ದೊಡ್ಡಾಕಿ ಆಗ್ಯಾಳ. ನೀ ಬಂದು ಮಾತು ಮುಗಿಸ್ಕೊಂಡು ಹೋಗು. ಇಷ್ಟ ಬರಿ, ಸಾಕು."

ಹಾಳೆ ತರುವ ನೆಪದಲ್ಲಿ ಒಳಗೆ ಹೋದರೆ, ನೀಲಾ ಬಾಗಿಲ ಮರೆಯಲ್ಲಿ ನಿಂತಿದ್ದಳು. "ಅಣ್ಣಾ, ಹೆಂಗರೆ ಮಾಡಿ ಮಾಮಾನೇ ಒಲ್ಲೆ ಅನ್ನೂಹಂಗ ಬರಿ. ನಿನಗ ಅದೆಲ್ಲ ಬರ್ತದಲ್ಲ" ಎಂದಳು.

ಅವ್ವನಿಗೆ ನೇರವಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಅವ್ವನನ್ನು ನೀವು ನೋಡಿಲ್ಲ. ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದರೂ, ಅವಳು ತಲೆಯೆತ್ತಿ ನೋಡಿದರೆ ನನಗೆ ಮಗ್ಗಿ ಮರೆತುಹೋಗುತ್ತಿತ್ತು. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ: ತಂಗಿಯ ಆ ಮಾತಿಗೆ ನನ್ನ ಎದೆ ಉಬ್ಬಿತ್ತು. ಇಷ್ಟು ವರ್ಷ ಊರವರ ಮಾತಿಗೆ ಗೀಟು ಹಾಕಿದವನಿಗೆ ಸ್ವಂತ ಕೈಚಳಕ ತೋರಿಸುವ ಸಂದರ್ಭ ಬಂದಿತ್ತು.

ಬರೆದೆ. ಅವ್ವ ಕೇಳಿದರೆ ಹೊಗಳಿಕೆ ಅನ್ನಿಸಬೇಕು, ಮಾಮ ಕೇಳಿದರೆ ಬೆವರಬೇಕು, ಹಾಗೆ. "ನೀಲಾ ಬಹಳ ಜಾಣೆ, ರೊಟ್ಟಿ ಹೊತ್ತಿದರೂ ಪುಸ್ತಕ ಕೆಳಗಿಡುವವಳಲ್ಲ" ಎಂದೆ. "ನಿನ್ನದು ದೊಡ್ಡ ಮನಸ್ಸು. ಮದುವೆಯಾದ ಮೇಲೂ ಅವಳನ್ನು ಎರಡು ವರ್ಷ ಗುಲಬರ್ಗಾಕ್ಕೆ ಕಳಿಸುವೆ, ಆಮೇಲೆ ಸರಕಾರ ಯಾವ ಊರಿಗೆ ಹಾಕಿದರೂ ಅಲ್ಲಿಗೆ ಕಳಿಸಿ, ಮನೆಗೆಲಸ ನೀನೇ ನಿಭಾಯಿಸುವೆ ಎಂದು ನಂಬಿದ್ದೇವೆ" ಎಂದೆ. ಗ್ರೀಕರ ಮೂರೂ ದಾರಿ ಹಿಡಿದು, ನಡುವೆ ನನ್ನದೊಂದು ಅಡ್ಡದಾರಿಯನ್ನೂ ಸೇರಿಸಿ ಎರಡು ಹಾಳೆ ತುಂಬಿಸಿದೆ. ಓದಿ ಹೇಳಿದಾಗ ಅವ್ವ ಆ ಹಾಳೆಗಳನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು.

"ಇಷ್ಟೆಲ್ಲ ನಾ ಹೇಳಿದ್ನೇನು?"

"ನೀ ಹೇಳಿದ್ದನ್ನ ಚಂದ ಮಾಡಿ ಬರದೀನಿ, ಅವ್ವಾ."

ಕಾಗದ ಅಂಚೆಗೆ ಬಿದ್ದದ್ದೇ ತಡ, ಒಂದರ ಹಿಂದೊಂದು ಪ್ರಶ್ನೆಗಳು ಏಳತೊಡಗಿದವು. ಮಾಮನಿಗೆ ಒಳಗುಟ್ಟು ತಿಳಿದರೆ? ನಮ್ಮ ಹೊಲ ಬಿತ್ತಿಸಿದವನಿಗೆ ಇದೇನಾ ನಾವು ಕೊಟ್ಟ ಮರ್ಯಾದೆ ಎಂದು ಅವನು ನೊಂದುಕೊಂಡರೆ? ತಿಳಿಯದೇ ಹೋದರೆ ನೀಲಾಳ ಗತಿ ಏನು? ತಿಳಿದರೂ ಭಯ, ತಿಳಿಯದಿದ್ದರೂ ಭಯ. ಶಾಲೆಯಲ್ಲಿ ಒಬ್ಬ ಹುಡುಗನ ಪ್ರಬಂಧಕ್ಕೆ ಎರಡು ಸಲ ಅಂಕ ಕೊಟ್ಟೆ, ಎರಡನೆಯ ಸಲ ಕಡಿಮೆ. ನೀಲಾ ತನ್ನ ಟ್ರಂಕಿಗೆ ಬಟ್ಟೆ ತುಂಬುವಳು, ಅವ್ವ ಬಂದರೆ ತೆಗೆದು ಮಡಚುವಳು. ಅಂಚೆಯವನ ಸೈಕಲ್ ಓಣಿಯಲ್ಲಿ ಕಂಡರೆ ನಾವಿಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ತಿಂಗಳು ಕರಗುತ್ತ ಬಂತು, ಉತ್ತರ ಬರಲಿಲ್ಲ.

ಬಂದದ್ದು ಸ್ವತಃ ಮಾಮನೇ. ಒಂದು ಭಾನುವಾರ ಮಧ್ಯಾಹ್ನ ಹೊಸ ಧೋತರ ಉಟ್ಟು, ಒಂದು ಕೈಯಲ್ಲಿ ಶೇಂಗಾ ಚೀಲ, ಇನ್ನೊಂದರಲ್ಲಿ ಹಸಿರು ಸೀರೆಯ ಗಂಟು ಹಿಡಿದು ಪಡಸಾಲೆಯಲ್ಲಿ ಬಂದು ಕೂತ. ಹಸಿರು ಸೀರೆ ಎಂದರೆ ಮದುವೆ ನಿಶ್ಚಯಕ್ಕೆ ಬಂದಂತೆಯೇ.

"ಅಕ್ಕಾ, ನೀ ಹೇಳಿದ ಮ್ಯಾಲ ಇನ್ನೇನದ? ಆಗ್ಲಿ ಬಿಡು" ಎಂದ.

"ಮಾಮಾ, ಕಾಗದ ಪೂರ್ತಿ ಓದಿಸ್ದಿ?" ಎಂದು ಕೇಳಿದೆ.

"ಓದಿಸ್ದೆ. ನನಗ ಓದಾಕ ಎಲ್ಲಿ ಬರ್ತದ? ಕಿರಾಣಿ ಅಂಗಡಿಯವರು ಎರಡೂ ಹಾಳಿ ಮನಸ್ಸಿನಾಗ ಓದಿಕೊಂಡ್ರು. ಭಾಳ ಚಂದ ಬರದಾನ ನಿಮ್ಮ ಅಳಿಯಾ ಅಂದ್ರು. ಮುಖ್ಯ ಏನಂದ್ರ, ಹೆಣ್ಣು ಕೊಡ್ತಾರಂತ, ಬಾ ಅಂದಾರ ಅಂತ ಹೇಳಿದ್ರು."

ಮುಖ್ಯ ಏನಂದ್ರ! ಅಂಗಡಿಯವರನ್ನು ನಾನು ಯಾವ ಬಾಯಿಂದ ಬೈಯಲಿ? ಮಣ್ಣೂರಿನಲ್ಲಿ ಆ ಕೆಲಸ ನನ್ನದೇ. ಸೊಲ್ಲಾಪುರದ ಗಿರಣಿಗೆ ಹೋದ ಗಂಡಂದಿರ ಕಾಗದ ಹಿಡಿದು ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಿದ್ದರು. ನಾನು ಎಲ್ಲವನ್ನೂ ಮನಸ್ಸಿನಲ್ಲೇ ಓದಿಕೊಂಡು, "ಆರಾಮದಾನ, ದೀಪಾವಳಿಗಿ ಬರ್ತಾನ" ಎಂದು ಹೇಳಿ ಕಳಿಸುತ್ತಿದ್ದೆ. ಆ ಬಡಪಾಯಿ ಗಂಡಂದಿರು ರಾತ್ರಿಯಿಡೀ ಕೂತು ಪೋಣಿಸಿದ ಎಷ್ಟು ಸಾಲುಗಳನ್ನು ನಾನು ನುಂಗಿದ್ದೇನೋ! ಇಷ್ಟು ವರ್ಷ ಬೇರೆಯವರ ಕಾಗದ ಓದಿಯೂ, ನನ್ನ ಕಾಗದವನ್ನು ಓದಿ ಹೇಳುವವರೂ ಹೀಗೇ ನುಂಗುತ್ತಾರೆಂಬುದು ನನಗೆ ಹೊಳೆದಿರಲಿಲ್ಲ.

ನೀಲಾ ಊಟದ ತಾಟು ತಂದಳು. ರೊಟ್ಟಿ, ಪುಂಡಿಪಲ್ಯ. ತಾಟು ಇಟ್ಟು ಎದ್ದು ಹೋಗಲಿಲ್ಲ, ಅಲ್ಲೇ ನಿಂತಳು.

"ಮಾಮಾ, ನಾ ಕಲೀಬೇಕು. ಮದಿವಿ ಒಲ್ಲೆ. ನಿನ್ನ ಮ್ಯಾಲ ನನಗ ಏನೂ ಸಿಟ್ಟಿಲ್ಲ."

"ಬಾಯಿ ಮುಚ್ಚಬೇ, ಹುಚ್ಚಿ!" ಅವ್ವ ಅರ್ಧ ಎದ್ದೇಬಿಟ್ಟಳು.

ಮಾಮನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ನಿಂತಿತ್ತು. ಆ ಹೊತ್ತಿನಲ್ಲಿ ನಾನು ಯಾವ ಕೌಶಲವನ್ನೂ ಹುಡುಕಲಿಲ್ಲ, ದೇವರನ್ನು ನೆನೆದೆ. ಈ ಮನುಷ್ಯ ಎದ್ದು ಹೋದರೆ ಮನೆತನದ ನಂಟು ಹೋಯಿತು, ಎದ್ದು ಹೋಗದಿದ್ದರೆ ತಂಗಿಯ ಓದು ಹೋಯಿತು. ಅವನು ಎದ್ದು ಹೋಗಲಿಲ್ಲ. ಚೂರನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದ.

"ಎಷ್ಟು ವರ್ಷದ್ದು ಅದು?"

"ಎರಡು."

"ಅಕ್ಕಾ," ಎಂದ ಅವ್ವನ ಕಡೆ ತಿರುಗಿ, "ಕೂಸು ಕಲೀಲಿ ಬಿಡು."

ಕೂಸು! ಸೀರೆ ಹಿಡಿದು ಬಂದವನು ಒಂದೇ ಮಾತಿನಲ್ಲಿ ಅವಳನ್ನು ಮತ್ತೆ ತೊಡೆಯ ಮೇಲಿನ ಮಗು ಮಾಡಿಬಿಟ್ಟ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತಾಟಿಗೆ ಬೇಡವೆಂದರೂ ಕೇಳದೆ ಇನ್ನೆರಡು ರೊಟ್ಟಿ ಹಾಕಿದಳು. ಅವನು ತಂದ ಸೀರೆ ನೀಲಾಳ ಟ್ರಂಕು ಸೇರಿತು.

ಸಂಜೆ ಬಸ್ಸಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಮಾಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬೇಸರವಾಗಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಆಗದಿರಲು ಅವನೇನು ಕಲ್ಲೇ? ಕೊನೆಗೆ ನಾನೇ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಕಾಗದದಲ್ಲಿ ಏನು ಬರೆದಿದ್ದೆ, ಯಾಕೆ ಬರೆದಿದ್ದೆ, ಯಾವ ಸಾಲಿಗೆ ಅವನು ಹೆದರಬೇಕಿತ್ತು ಎಂಬುದನ್ನೆಲ್ಲ. ಅವನು ನಿಂತು ಕೇಳಿದ, ಬೈಯಲಿಲ್ಲ.

"ಅಕ್ಕಗ ಬ್ಯಾಡ ಅನ್ನಾಕ ನನಗ ಬರಂಗಿಲ್ಲೋ ಮಾಸ್ತರ," ಎಂದ. "ಅದಕ್ಕ ಹೂಂ ಅನ್ನಾಕ ಇಷ್ಟು ದೂರ ಬಂದೆ. ನಿನಗೂ ಬರಂಗಿಲ್ಲ, ಅದಕ್ಕ ಅಷ್ಟು ಬರದಿ. ನೀಲಾಗ ಬರ್ತದ. ನಾಳಿಗೇ ಕರ್ಕೊಂಡು ಹೋಗಿ ಸಾಲಿಗಿ ಹಚ್ಚು."

ನಾನು ಹೂಂ ಎಂದೆ. ಒಬ್ಬರ ಮಾತಿಗೆ ಗೀಟು ಹಾಕದೆ, ನಿಜವಾಗಿ ಒಪ್ಪಿ ನಾನು ಹೂಂ ಎಂದದ್ದು ಅದೇ ಮೊದಲು.