ಕ್ಯೂ ಶೀಟಿನಲ್ಲಿ ನಾನು ಬರೆಯದೆ ಬಿಟ್ಟ ಹೆಸರು

ಹನ್ನೊಂದು ವರ್ಷ ನಾನು ಲಂಡನ್ನಿನ ಒಂದು ಸಣ್ಣ ರೇಡಿಯೊದಲ್ಲಿ ಕಂಟ್ರಿ ಹಾಡುಗಳನ್ನು ಹಾಡಿದೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಹಾಡಿದ ಹಾಡನ್ನು ಕಟ್ಟಿದವರು ಯಾರೆಂದು ಒಮ್ಮೆಯೂ ಹೇಳಲಿಲ್ಲ. ಕಟ್ಟಿದವಳು ನನ್ನ ಅಕ್ಕ ಸೆಲೆಸ್ತಿನ್. ಅವಳ ಹೆಸರು ಹೇಳಲು ಮೂರು ಸೆಕೆಂಡು ಸಾಕಿತ್ತು. ವಾರಕ್ಕೆ ಐವತ್ತೇಳು ನಿಮಿಷ ನನ್ನ ಕೈಯಲ್ಲಿತ್ತು.

ನಾನು ಓದಿದ್ದು ಎಂಟನೇ ಕ್ಲಾಸಿನ ತನಕ. ಮನೆಮಾತು ಕೊಂಕಣಿಯಾದರೂ ಅಕ್ಷರ ಕಲಿತದ್ದು ಕನ್ನಡದಲ್ಲಿ, ಹಾಗಾಗಿ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಾರದ ಐದು ದಿನ ಹೋಟೆಲುಗಳಿಗೆ ಒಗೆದ ಮೇಜುಬಟ್ಟೆ ತಲುಪಿಸುವ ವ್ಯಾನ್ ಓಡಿಸುತ್ತಿದ್ದೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸೌತ್‌ಹಾಲಿನ ಬ್ರಾಡ್‌ವೇಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ನಾನು ರೇಡಿಯೊ ಗಾಯಕ. ಅದು ಕಮ್ಯುನಿಟಿ ರೇಡಿಯೊ, ಅಂದರೆ ಸುತ್ತಲಿನ ಕೆಲವು ಮೈಲಿಗಷ್ಟೇ ಕೇಳಿಸುವ, ಊರಿನವರೇ ಸಂಬಳವಿಲ್ಲದೆ ನಡೆಸುವ ಕೇಂದ್ರ. ದೂರದವರು ಇಂಟರ್ನೆಟ್‌ನಲ್ಲಿ ಕೇಳುತ್ತಾರೆ. ಗಂಟೆಯಲ್ಲಿ ಮೂರು ನಿಮಿಷ ವಾರ್ತೆಗೆ, ಉಳಿದದ್ದು ನನಗೆ.

ಕರಾವಳಿಯ ಕ್ರಿಶ್ಚಿಯನ್ನನಿಗೂ ಅಮೆರಿಕದ ಕಂಟ್ರಿ ಹಾಡಿಗೂ ಎಲ್ಲಿಯ ನಂಟು ಎಂದು ಹಲವರು ಕೇಳಿದ್ದಾರೆ. ಗಲ್ಫಿನಿಂದ ಬರುವ ಮಾವಂದಿರು ತರುತ್ತಿದ್ದ ಕ್ಯಾಸೆಟ್‌ಗಳಲ್ಲಿ ಇದ್ದದ್ದೇ ಆ ಹಾಡುಗಳು. ಮದುವೆಯಲ್ಲಿ ಅವು, ನಾಮಕರಣದಲ್ಲಿ ಅವು. ಕುವೈತಿನ ಮಾವ ಒಂದು ಗಿಟಾರ್ ತಂದು "ಹುಡುಗನಿಗೆ" ಎಂದು ನನ್ನ ಕೈಗೆ ಕೊಟ್ಟರು. ನಾನು ಕ್ರಿಕೆಟ್ ಆಡಲು ಹೋದಾಗ ಅಕ್ಕ ಅದನ್ನು ತೆಗೆದುಕೊಂಡು ಕಲಿತಳು. ಅವಳು ಎಡಗೈಯವಳು. ತಂತಿ ಬದಲಿಸಿದರೆ ಮನೆಯಲ್ಲಿ ಬೈಗುಳ, ಆದ್ದರಿಂದ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಿದ್ದಳು. ದಪ್ಪ ತಂತಿ ಕೆಳಗೆ, ಸಪೂರ ತಂತಿ ಮೇಲೆ, ಹೆಬ್ಬೆರಳಿಗೆ ಸಿಗುವಂತೆ. ನೋಡಿ ನಾವೆಲ್ಲ ನಗುತ್ತಿದ್ದೆವು. ಕಣ್ಣು ಮುಚ್ಚಿ ಕೇಳಿದರೆ ನಗು ಬರುತ್ತಿರಲಿಲ್ಲ.

ಲಂಡನ್ನಿಗೆ ಮೊದಲು ಬಂದವಳೂ ಅವಳೇ. ಕ್ರೋಯ್ಡನ್ನಿನ ಒಂದು ಕೇರ್ ಹೋಮಿನಲ್ಲಿ, ಅಂದರೆ ವಯಸ್ಸಾದವರ ವಸತಿಯಲ್ಲಿ, ಅಡುಗೆ ಅವಳ ಕೆಲಸ. ನಾನು ಬಂದ ಮೊದಲ ಎರಡು ವರ್ಷ ಅವಳ ಫ್ಲ್ಯಾಟಿನಲ್ಲೇ ಇದ್ದೆ. ಊರಿನಲ್ಲಿ ಅಪ್ಪ ತೀರಿಕೊಂಡ ಚಳಿಗಾಲ ಇಬ್ಬರಿಗೂ ಹೋಗಲಾಗಲಿಲ್ಲ. ಅಪ್ಪ ಹೊಳೆ ದಾಟಿಸುವ ದೋಣಿಯವರು. ಆ ವಾರ ಅಕ್ಕ ಅಡುಗೆಮನೆಯಲ್ಲಿ ಕುಳಿತು, ನನ್ನ ಗಿಟಾರನ್ನು ತಿರುಗಿಸಿ ಹಿಡಿದು, ಕನ್ನಡದಲ್ಲಿ ಒಂದು ಹಾಡು ಕಟ್ಟಿದಳು:

ದಾಟಿಸು ಅಂದವರ ದಾಟಿಸಿದೆ ಅಪ್ಪ,
ದಾಟಿದವರು ಯಾರೂ ತಿರುಗಿ ನೋಡಲಿಲ್ಲ.
ಸೇತುವೆ ಬಂತು, ದೋಣಿ ಮಗುಚಿ ಮಲಗಿತು,
ಅದರಡಿಯ ಕೋಳಿಗೆ ಮಾತ್ರ ಬೇಸರವಿಲ್ಲ.

ಕೋಳಿಯ ಸಾಲು ಬಂದಾಗ ಅತ್ತುಕೊಂಡೇ ನಕ್ಕೆವು. ಕಂಟ್ರಿ ಹಾಡು ಎಂದರೆ ಅದೇ ಎಂದು ನನಗೆ ಆ ದಿನ ತಿಳಿಯಿತು.

ರೇಡಿಯೊದಲ್ಲಿ ನನ್ನ ಮೊದಲ ಶನಿವಾರ ಆ ಹಾಡನ್ನು ಹಾಡಿದೆ. ನಾಲ್ಕು ಫೋನ್ ಬಂತು, ಹೊಸಬನಿಗೆ ಅದು ದೊಡ್ಡ ಸಂಗತಿ. ಕೇಂದ್ರ ನಡೆಸುತ್ತಿದ್ದ ಹರ್ಜಿತ್ ಬಾಗಿಲಲ್ಲಿ ನಿಂತು, "ಭಾಯಿ, ಎಂಥ ಹಾಡು! ಯಾರದ್ದು?" ಎಂದರು. ನನ್ನ ಮುಂದೆ ಕ್ಯೂ ಶೀಟ್ ಇತ್ತು. ಪ್ರಸಾರವಾದ ಪ್ರತಿ ಹಾಡಿನ ಹೆಸರು, ಹಾಡಿದವರು, ಬರೆದವರು, ಈ ಮೂರನ್ನು ತುಂಬಿ ಸಹಿ ಹಾಕುವ ಹಾಳೆ ಅದು. ಬರೆದವರು ತಿಳಿಯದ ಜನಪದ ಹಾಡಿಗೆ 'ಟ್ರೆಡಿಷನಲ್' ಎಂದು ಬರೆಯುವ ಪದ್ಧತಿ. ನಮ್ಮ ಮದುವೆಮನೆಗಳಲ್ಲಿ ಹಾಡು ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ ಎಂಬುದನ್ನೇ ನೆಪ ಮಾಡಿಕೊಂಡು, "ನಮ್ಮೂರ ಹಳೆಯ ಹಾಡು" ಎಂದೆ. ಮೂರನೆಯ ಕಾಲಮಿನಲ್ಲಿ 'ಟ್ರೆಡಿಷನಲ್' ಎಂದು ಬರೆದೆ. ಸ್ಪೆಲ್ಲಿಂಗ್ ಹರ್ಜಿತ್ ಅವರೇ ಹೇಳಿಕೊಟ್ಟರು.

ಸಂಜೆ ಅಕ್ಕ ನನ್ನನ್ನು ಮನೆಯ ಹೆಸರಿನಿಂದ ಕರೆದು ಹೇಳಿದ್ದು ಇಷ್ಟೇ: "ಚಂದ ಹಾಡಿದಿ ಬೊನ್ನು. ಎರಡನೇ ಸಾಲು ಸ್ವಲ್ಪ ನಿಧಾನ ಬೇಕಿತ್ತು."

ಮುಂದಿನ ವಾರ ಸರಿಪಡಿಸೋಣ ಎಂದುಕೊಂಡೆ. ಮುಂದಿನ ವಾರ ಕೊಲಿಂಡೇಲಿನಿಂದ ಒಬ್ಬರು ಫೋನ್ ಮಾಡಿ ಅದೇ ಹಾಡು ಕೇಳಿದರು. ಆಮೇಲೆ ಅದು ನನ್ನ ಗುರುತಿನ ಹಾಡಾಯಿತು. ಜನ ನನ್ನನ್ನು ದೋಣಿ ಹಾಡಿನವನು ಎಂದು ಕರೆಯತೊಡಗಿದರು. ಅಕ್ಕ ಮತ್ತೆ ಯಾವ ಹಾಡನ್ನೂ ನನಗೆ ಕೇಳಿಸಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದೊಡ್ಡ ಅವಕಾಶ ಬಂತು. ಒಂದು ಶನಿವಾರ ಕ್ರೋಯ್ಡನ್ನಿನ ಹಾಲ್‌ನಿಂದ ಒಂದು ಗಂಟೆ ನೇರ ಪ್ರಸಾರ, ಅದನ್ನು ಬೇರೆ ಹನ್ನೆರಡು ಕಮ್ಯುನಿಟಿ ಕೇಂದ್ರಗಳೂ ಬಿತ್ತರಿಸುತ್ತವೆ. ಕೊನೆಯ ಹಾಡು ನನ್ನದು. ಜೊತೆಗೆ ಪೆಡಲ್ ಸ್ಟೀಲ್ ನುಡಿಸಲು ಲೆನ್ ಎಂಬ ಎಪ್ಪತ್ತನಾಲ್ಕರ ಇಂಗ್ಲಿಷ್ ಮುದುಕ ಬಂದರು. ಮೇಜಿನಂತೆ ಮುಂದಿಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ವಾದ್ಯ ಅದು. ಅದರ ದನಿ ಯಾರೋ ದೂರದಲ್ಲಿ ಅಳುವಂತಿರುತ್ತದೆ.

ಮಂಗಳವಾರದ ರಿಹರ್ಸಲ್‌ನಲ್ಲಿ ಲೆನ್ ನಡುವೆಯೇ ಕೈ ಎತ್ತಿದರು. "ಆ ಭಾಗ ಇನ್ನೊಮ್ಮೆ ನುಡಿಸು, ಮಗಾ."

ನುಡಿಸಿದೆ.

"ನೀನು ಹಾಡಿನ ಜೊತೆ ಕುಸ್ತಿ ಆಡ್ತಿದ್ದೀಯ. ಈ ರಾಗ ಹೆಬ್ಬೆರಳಿನದ್ದು, ನೀನು ಕಿರುಬೆರಳು ಒದ್ದಾಡಿಸ್ತಿದ್ದೀಯ. ಇದನ್ನು ಕಟ್ಟಿದವರು ಗಿಟಾರನ್ನು ತಲೆಕೆಳಗು ಹಿಡಿದಿದ್ದರು. ಎಡಗೈಯವರು. ಯಾರದು?"

ಹರ್ಜಿತ್ ಫೈಲಿನಿಂದ ಕ್ಯೂ ಶೀಟ್ ತೆಗೆದು ಓದಿದರು. "ಟ್ರೆಡಿಷನಲ್ ಅಂತಿದೆ."

"ಟ್ರೆಡಿಷನಲ್‌ಗೆ ಎಡಗೈ ಇರುವುದಿಲ್ಲ, ಡಿಯರ್," ಎಂದರು ಲೆನ್.

ಅಲ್ಲಿ ನನ್ನ ಬಾಯಿಂದ ನಿಜ ಹೊರಬಿತ್ತು. ಹರ್ಜಿತ್ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು ವರ್ಷ ಈ ಹಾಳೆಗೆ ಸಹಿ ಹಾಕಿದ್ದೀಯ. ನಾನೂ ಹಾಕಿದ್ದೇನೆ, ನಿನ್ನ ಮೇಲಿನ ನಂಬಿಕೆಯಿಂದ. ಶನಿವಾರ ಆ ಹಾಡು ಅವಳ ಹೆಸರಿನಲ್ಲಿ, ಅವಳ ಒಪ್ಪಿಗೆಯಿಂದ ಹೋಗಬೇಕು. ಇಲ್ಲವಾದರೆ ಹಾಡೂ ಇಲ್ಲ, ನಿನ್ನ ಶನಿವಾರಗಳೂ ಇಲ್ಲ."

ಮರುದಿನ ಮೂರು ಗಂಟೆಗೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಕೇರ್ ಹೋಮಿನ ಅಡುಗೆಮನೆಗೆ ಹೋದೆ. ಅಕ್ಕ ರಾತ್ರಿಯ ಸೂಪಿಗೆ ಕ್ಯಾರೆಟ್ ಹೆಚ್ಚುತ್ತಿದ್ದಳು.

"ಎಂತ ಮಾರಾಯ, ಬುಧವಾರ ಬಂದದ್ದು? ಯಾರಾದ್ರೂ ಸತ್ತರಾ?"

"ಯಾರೂ ಸಾಯ್ಲಿಲ್ಲ. ಶನಿವಾರ ದೋಣಿ ಹಾಡು ನೀನು ಹಾಡ್ಬೇಕು."

"ಯಾಕೆ, ನಿನ್ನ ಗಂಟಲಿಗೆ ಎಂತ ಆಯ್ತು?"

"ಗಂಟಲು ಸರಿ ಉಂಟು. ಒಬ್ಬ ಮುದುಕ ಕಂಡುಹಿಡಿದ, ಇದು ಎಡಗೈಯವರ ಹಾಡು ಅಂತ."

ಅವಳ ಚಾಕು ನಿಂತಿತು. "ಓ, ಸಿಕ್ಕಿಬಿದ್ದೆ! ಅದಕ್ಕೆ ಬಂದದ್ದು. ಅವನಿಗೆ ಹತ್ತು ನಿಮಿಷದಲ್ಲಿ ಗೊತ್ತಾಯ್ತು ನೋಡು."

"ನಂಗೆ ಮೊದ್ಲೇ ಗೊತ್ತಿತ್ತಲ್ಲ ಅಕ್ಕ."

"ಅದೇ ನಾನು ಹೇಳುದು."

ಕಿಟಕಿಯ ಕಟ್ಟೆಯ ಮೇಲೆ ಎಣ್ಣೆ ಹಿಡಿದ ಒಂದು ಸಣ್ಣ ರೇಡಿಯೊ ಇತ್ತು. ಅವಳು ಚಾಕುವಿನ ತುದಿಯಿಂದ ಅದನ್ನು ತೋರಿಸಿದಳು.

"ಮೊಬೈಲಿಂದ ಇದಕ್ಕೆ ಹಾಕಿ ಶನಿವಾರ ಶನಿವಾರ ಕೇಳ್ತೇನೆ. ಹಾಡು ಮುಗಿದ ಕೂಡ್ಲೇ ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡುದು. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಆಮೇಲೆ ಫ್ಯಾನ್ ಬಂದ್ ಮಾಡುದು ಬಿಟ್ಟೆ. ಹಾಡು ಕಟ್ಟುದನ್ನೂ ಬಿಟ್ಟೆ."

ಕ್ಷಮೆ ಕೇಳಬೇಕಾದದ್ದು ಆಗಲೇ. ಅದರ ಬದಲು ನಾನು ಇನ್ನೊಂದು ಚಾಕು ತೆಗೆದುಕೊಂಡು ಕ್ಯಾರೆಟ್ ಹೆಚ್ಚತೊಡಗಿದೆ. ಅವಳು ನಾನು ಹೆಚ್ಚಿದ್ದರಲ್ಲಿ ಒಂದು ತುಂಡು ಎತ್ತಿ ನೋಡಿದಳು.

"ದಪ್ಪ ಆಯ್ತು, ಇಲ್ಲಿಯವರಿಗೆ ಹಲ್ಲಿಲ್ಲ," ಎಂದಳು. ಆಮೇಲೆ, "ಬರ್ತೇನೆ. ಆದ್ರೆ ಗಿಟಾರ್ ನಾನು ನನ್ನ ಹಾಗೇ ಹಿಡಿಯುದು. ನೀನು ಬಾಯಿ ಹಾಕ್ಬಾರ್ದು. ಆ ಶೀಟ್ ಉಂಟಲ್ಲ, ಅದನ್ನು ನಾನೇ ಬರೆಯುದು. ಆಯ್ತಾ?"

"ಆಯ್ತು."

ಶನಿವಾರ ಹಾಲ್ ತುಂಬಿತ್ತು. ಕೇರ್ ಹೋಮಿನ ಒಂಬತ್ತು ಮಂದಿ ಗಾಲಿಕುರ್ಚಿಗಳಲ್ಲಿ ಬಂದು ಮುಂದಿನ ಸಾಲು ಹಿಡಿದಿದ್ದರು, ತಮ್ಮ ಅಡುಗೆಯವಳು ಹಾಡುತ್ತಾಳೆ ಎಂದು. ಅಕ್ಕ ಚರ್ಚಿಗೆ ಉಡುವ ನೀಲಿ ಸೀರೆಯಲ್ಲಿ ಬಂದು ಕುಳಿತು ಗಿಟಾರನ್ನು ತಿರುಗಿಸಿದಾಗ ಹಿಂದೆ ಯಾರೋ ನಕ್ಕರು. ಅವಳ ಹೆಬ್ಬೆರಳು ಸಪೂರ ತಂತಿಯನ್ನು ಮುಟ್ಟಿದ ಮೇಲೆ ಆ ನಗು ಕೇಳಿಸಲಿಲ್ಲ. ನಾನು ವರ್ಷಗಟ್ಟಲೆ ಒದ್ದಾಡಿದ ಆ ಭಾಗ ಅವಳ ಕೈಯಲ್ಲಿ ಹುಟ್ಟು ಹಾಕಿದ ದೋಣಿಯಂತೆ ಸಲೀಸಾಗಿ ಸಾಗಿತು. ಎರಡನೆಯ ಸಾಲು ನಿಧಾನ. ಲೆನ್ ಒಂದು ಚರಣ ಪೂರ್ತಿ ನುಡಿಸದೆ ಕೇಳುತ್ತಾ ಕುಳಿತು, ದೋಣಿ ಮಗುಚಿದಲ್ಲಿ ಸೇರಿಕೊಂಡರು. ಕೋಳಿಯ ಸಾಲನ್ನು ಅವಳು ಇಂಗ್ಲಿಷಿನಲ್ಲಿ ವಿವರಿಸಿದಾಗ ಇಡೀ ಹಾಲ್ ನಕ್ಕಿತು, ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಹಾಡು ಮುಗಿದಾಗ ನಿಲ್ಲಬಲ್ಲವರೆಲ್ಲ ಎದ್ದು ನಿಂತರು.

ಕೇಂದ್ರದ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಮೊದಲ ಕರೆಯನ್ನು ಹಾಲ್‌ಗೇ ಕೇಳಿಸಿದರು. ಇಲ್ಲೇ ನೆಲೆಸಿದ ಧಾರವಾಡದ ಒಬ್ಬ ಡಾಕ್ಟರು: "ಅವ್ವಾ, ಏನ್ ಹಾಡಿದ್ರಿ! ನನ್ ಮಗಳು ಕನ್ನಡಾನ ಮಾತಾಡಂಗಿಲ್ರಿ, ಈಗ ಹಾಡ್ ಮತ್ತೊಮ್ಮೆ ಬೇಕು ಅಂತ ಕುಂತಾಳ!" ಹಿಂದಿನಿಂದ ಹುಡುಗಿಯೊಬ್ಬಳು "ಪ್ಲೇ ಇಟ್ ಅಗೇನ್!" ಎಂದು ಕೂಗಿದ್ದೂ ಕೇಳಿತು.

ಶನಿವಾರದ ಆ ಗಂಟೆ ಈಗ ಅಕ್ಕನದು. ಅವಳ ಹಳೆಯ ನೋಟ್‌ಬುಕ್ಕಿನಲ್ಲಿ, ಕಟ್ಟುವುದನ್ನು ಬಿಡುವ ಮೊದಲಿನ, ಇನ್ನೂ ಒಂಬತ್ತು ಹಾಡುಗಳಿದ್ದವು, ಹತ್ತನೆಯದನ್ನು ಈ ಮಾರ್ಚ್‌ನಲ್ಲಿ ಕಟ್ಟಿದಳು. ನಾನು ಪಕ್ಕದಲ್ಲಿ ರಿದಮ್ ನುಡಿಸುತ್ತೇನೆ. ಹಾಡುವುದು ಈ ಕೆಲಸದ ಅರ್ಧ ಭಾಗ ಮಾತ್ರ, ಅದು ಎಲ್ಲಿಂದ ಬಂತೆಂದು ಹೇಳುವುದು ಉಳಿದರ್ಧ. ಇಷ್ಟನ್ನು ಕಲಿಯಲು ನನಗೆ ಒಬ್ಬ ಮುದುಕನ ಕಿವಿ ಬೇಕಾಯಿತು.

ಕ್ರೋಯ್ಡನ್ನಿನಲ್ಲಿ ಆ ದಿನ ಪ್ರಸಾರ ಮುಗಿಯಲು ಎರಡು ನಿಮಿಷ ಉಳಿದಿತ್ತು. ಹಾಡು ಮುಗಿದ ಮೇಲೆ ಅದರ ವಿವರ ಹೇಳುವುದಕ್ಕೆ ನಮ್ಮಲ್ಲಿ ಬ್ಯಾಕ್ ಅನೌನ್ಸ್ ಎನ್ನುತ್ತಾರೆ. ಹರ್ಜಿತ್ ಮೈಕನ್ನು ನನ್ನ ಕಡೆಗೆ ತಳ್ಳಿದರು. ಅಕ್ಕ ತುಂಬಿಸಿದ ಶೀಟ್ ಎದುರಿಗಿತ್ತು, ಎಡಗೈಯ ವಾಲಿದ ಅಕ್ಷರ. ಮೊದಲು ಇಂಗ್ಲಿಷಿನಲ್ಲಿ ಓದಿದೆ. ಆಮೇಲೆ ಶೀಟ್ ಕೆಳಗಿಟ್ಟು, ಹದಿಮೂರು ಕೇಂದ್ರಗಳಲ್ಲಿ ಕೇಳುತ್ತಿದ್ದವರ ಎದುರು, ಅವಳ ಕಡೆ ತಿರುಗಿ ನಮ್ಮ ಕನ್ನಡದಲ್ಲಿ ಹೇಳಿದೆ:

"ಈ ಹಾಡು ಕಟ್ಟಿದ್ದು ನನ್ನ ಅಕ್ಕ, ಸೆಲೆಸ್ತಿನ್ ರೆಬೆಲ್ಲೊ. ಹನ್ನೊಂದು ವರ್ಷ ನಾನು ಇದನ್ನು ಊರಿನ ಹಳೇ ಹಾಡು ಅಂದೆ. ಹೆಸರು ಗೊತ್ತಿಲ್ಲದೆ ಅಲ್ಲ, ಚಪ್ಪಾಳೆ ನಂಗೊಬ್ಬನಿಗೇ ಬೇಕಿತ್ತು. ಸೆಲ್ಲಕ್ಕ, ತಪ್ಪು ನಂದು. ನನ್ನನ್ನು ಕ್ಷಮಿಸು."